ಯುದ್ಧನೌಕೆಗಳ ಫಿಲ್ಮು ಇಟ್ಟ ಕೋಣೆಯ ಎರಡು ಬಾಗಿಲು

ಇಪ್ಪತ್ತೊಂದು ವರ್ಷ ನಾನು ಮಾಡಿದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಬೇಕೆಂದರೆ, ಹಳೆಯ ಬ್ರಿಟಿಷ್ ಯುದ್ಧನೌಕೆಗಳ ಫಿಲ್ಮು ತುಂಬಿದ ತಗಡಿನ ಡಬ್ಬಿಗಳನ್ನು ತೆರೆದು ಮೂಸುವುದು. ಆಮೇಲೆ ಪಟ್ಟಿ ಬರೆಯುವುದು, ಹಡಗು ಯಾವುದೆಂದು ಗುರುತಿಸುವುದು, ನಕಲು ತೆಗೆಯುವುದು ಎಲ್ಲ ಇತ್ತು. ಆದರೆ ದಿನ ಶುರುವಾಗುತ್ತಿದ್ದದ್ದು ಮೂಗಿನಿಂದ. ಫಿಲ್ಮು ಚೆನ್ನಾಗಿದ್ದರೆ ಕರ್ಪೂರದ ಸಣ್ಣ ವಾಸನೆ ಬರುತ್ತದೆ. ಕೆಡಲು ಶುರುವಾಗಿದ್ದರೆ ಒಗೆಯದ ಕಾಲುಚೀಲದ ವಾಸನೆ. ಪೂರ್ತಿ ಕೆಟ್ಟಿದ್ದರೆ ಮೂಗಿನೊಳಗೆ ಚುಚ್ಚಿದ ಹಾಗಾಗಿ ಕಣ್ಣಲ್ಲಿ ನೀರು ಬರುತ್ತದೆ. ಆಗ ಮುಚ್ಚಳ ಮುಚ್ಚಿ, ಕೆಂಪು ಚೀಟಿ ಕಟ್ಟಿ, ಡಬ್ಬಿಯನ್ನು ನೀರು ತುಂಬಿದ ಡ್ರಮ್ಮಿಗೆ ಹಾಕಬೇಕು. ಈ ಕೆಲಸಕ್ಕೆ ಹೊಸದಾಗಿ ಬಂದವರು ಡಬ್ಬಿಗೆ ಮುಖ ಒಡ್ಡುತ್ತಾರೆ. ಹಾಗೆ ಮಾಡಬಾರದು, ಡಬ್ಬಿಯನ್ನು ದೂರ ಇಟ್ಟು ಕೈಬೀಸಿ ವಾಸನೆಯನ್ನು ಹತ್ತಿರಕ್ಕೆ ತರಿಸಿಕೊಳ್ಳಬೇಕು.

ಈಚೆಗೆ ಈ ವೃತ್ತಿಗೆ ಸೇರಿದ ಇಬ್ಬರು ಹುಡುಗಿಯರು ಫೋನು ಮಾಡಿ, "ಆಂಟಿ, ನಿಮಗೆ ಗೊತ್ತಿರೋದನ್ನೆಲ್ಲ ಬರೆದಿಡಿ, ಮ್ಯಾನ್ಯುಯಲ್‌ನಲ್ಲಿ ಏನೂ ಇಲ್ಲ" ಎಂದರು. ಅದಕ್ಕಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಅವರಿಗೆ ಬೇಕಿಲ್ಲ, ನನಗೂ ಬೇಕಿಲ್ಲ. ಆದರೆ ಒಂದು ಮಧ್ಯಾಹ್ನದ ವಿಷಯ ಬಿಟ್ಟು ಉಳಿದದ್ದನ್ನು ಮಾತ್ರ ಬರೆದರೆ ಇಡೀ ಬರಹ ಸುಳ್ಳಾಗುತ್ತದೆ. ಆ ಮಧ್ಯಾಹ್ನ ನನ್ನ ಮಾತು ಕೇಳಿ ಸಹೋದ್ಯೋಗಿಯೊಬ್ಬರು ಸಾವಿನ ಹತ್ತಿರಕ್ಕೆ ಹೋಗಿ ಬಂದರು. ಬದುಕಿ ಬಂದ ಮೇಲೆ, ನಾನು ಮಾಡಿದ ತಪ್ಪಿಗೆ ಅವರ ವೃತ್ತಿಯೇ ಹೋಗುವುದರಲ್ಲಿತ್ತು.

ನಮ್ಮ ಸಂಗ್ರಹಾಲಯ ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ, ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಉದ್ದನೆಯ ಗೋದಾಮಿನಲ್ಲಿತ್ತು. ಅಕ್ಕಪಕ್ಕದಲ್ಲಿ ಟೈಲ್ಸ್ ಅಂಗಡಿ, ಕಾರು ರಿಪೇರಿ. ಒಬ್ಬ ಶ್ರೀಮಂತರು ತಮ್ಮ ಜೀವಮಾನವಿಡೀ ಕೂಡಿಟ್ಟ ನೌಕಾಪಡೆಯ ಫಿಲ್ಮು, ಗಾಜಿನ ನೆಗೆಟಿವ್, ಅಧಿಕಾರಿಗಳ ಪತ್ರಗಳು ಅಲ್ಲಿದ್ದವು. ಹೆಚ್ಚಿನವು ಮೊದಲನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳವು. ಡ್ರೆಡ್‌ನಾಟ್ ಎಂಬ ಹಡಗು ಬಂದು ಅದಕ್ಕಿಂತ ಹಿಂದಿನ ಯುದ್ಧನೌಕೆಗಳೆಲ್ಲ ಹಳೆಯವಾಗಿಬಿಟ್ಟ ಕಾಲ ಅದು. ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನನಗೆ ಹಡಗುಗಳ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಆದರೆ ಆ ಕಾಲದ ಫಿಲ್ಮು ಯಾವುದರಿಂದ ಮಾಡಿದ್ದು ಎಂಬುದು ಗೊತ್ತಿತ್ತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ ಬರುವ ನೈಟ್ರೇಟು. ಆ ಹಡಗುಗಳ ಫಿರಂಗಿಗೆ ತುಂಬುತ್ತಿದ್ದ ಕಾರ್ಡೈಟ್ ಎಂಬ ಮದ್ದಿನಲ್ಲಿಯೂ ಅದೇ ವಸ್ತುವಿತ್ತು. ಒಮ್ಮೆ ಹೊತ್ತಿಕೊಂಡರೆ ಅದು ಉರಿಯಲು ಹೊರಗಿನ ಗಾಳಿ ಬೇಕಿಲ್ಲ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತಲೇ ಇರುತ್ತದೆ. ನೀರಿನಿಂದ ಆಗುವ ಉಪಯೋಗ ಪಕ್ಕದ ಡಬ್ಬಿಯನ್ನು ತಣ್ಣಗಿಡುವುದು, ಕೆಟ್ಟ ಫಿಲ್ಮನ್ನು ಹೊತ್ತಿಕೊಳ್ಳುವ ಮೊದಲೇ ತಣ್ಣಗಿಡುವುದು, ಅಷ್ಟೇ.

ಫಿಲ್ಮುಗಳಿದ್ದ ತಂಪುಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಇಮ್ತಿಯಾಜ್. ಹುಬ್ಬಳ್ಳಿಯವರು, ನನಗಿಂತ ಹದಿನೇಳು ವರ್ಷ ಚಿಕ್ಕವರು. ಅವರ ಅಜ್ಜ, ಅಪ್ಪ ಇಬ್ಬರೂ ಹುಬ್ಬಳ್ಳಿಯ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸಿದವರು. ಅಜ್ಜನ ಬಲಗೈಯ ಎರಡು ಬೆರಳು ಇಂಥದ್ದೇ ಫಿಲ್ಮಿನ ಬೆಂಕಿಯಲ್ಲಿ ಹೋಗಿದ್ದವಂತೆ. ಇಮ್ತಿಯಾಜ್ ದೂರದ ಗಿಲ್‌ರಾಯ್ ಊರಿನಿಂದ ದಿನವೂ ಬೆಳಿಗ್ಗೆ ಐದೂವರೆಗೆ ಕಾರು ಹತ್ತಿ ಬರುತ್ತಿದ್ದರು. ನನ್ನನ್ನು "ಅಕ್ಕಾರ" ಎನ್ನುತ್ತಿದ್ದರು. ನಾನು ಮೂಸುವಾಗ ಬಾಗಿಲಲ್ಲಿ ನಿಂತು, "ಏನಂತದ್ರಿ ಅಕ್ಕಾರ, ಕರ್ಪೂರನೋ ಕಾಲಚೀಲನೋ?" ಎಂದು ಕೇಳುವುದು ಅವರ ನಿತ್ಯದ ಮಾತು.

ಹಡಗು ಗುರುತಿಸುವುದನ್ನು ನನಗೆ ಕಲಿಸಿದವರು ವಾರಕ್ಕೆ ಎರಡು ದಿನ ಸ್ವಯಂಸೇವಕರಾಗಿ ಬರುತ್ತಿದ್ದ ಒಬ್ಬ ಮುದುಕರು. ಬ್ರಿಟಿಷ್ ನೌಕಾಪಡೆಯಿಂದ ನಿವೃತ್ತರಾಗಿ ಮಗಳ ಮನೆಗೆ ಬಂದು ನೆಲೆಸಿದ್ದವರು. ಎಲ್ಲರೂ ಅವರನ್ನು ಕಮಾಂಡರ್ ಎನ್ನುತ್ತಿದ್ದರು. ಮೊದಲು ಹೊಗೆಕೊಳವೆ ಎಣಿಸು, ಆಮೇಲೆ ಕಂಬ ಎಲ್ಲಿದೆ ನೋಡು, ಕೊನೆಗೆ ಫಿರಂಗಿ ಗೋಪುರಗಳು ಎಂದು ಅವರ ಪಾಠ. ಡ್ರೆಡ್‌ನಾಟಿನಲ್ಲಿ ಕಂಬವನ್ನು ಹೊಗೆಕೊಳವೆಯ ಹಿಂದೆ ನಿಲ್ಲಿಸಿದ್ದರಂತೆ. ಗುರಿ ನೋಡಲು ಕಂಬದ ತುದಿಯಲ್ಲಿ ಕೂತವರು ಹೊಗೆ ಕುಡಿದು, ಮಸಿ ಬಡಿದುಕೊಂಡು ಇಳಿಯುತ್ತಿದ್ದರು. ಅಷ್ಟು ದೊಡ್ಡ ಹಡಗು ಕಟ್ಟಿದವರಿಗೆ ಅದು ಹೇಗೆ ಹೊಳೆಯಲಿಲ್ಲ ಎಂದು ಕೇಳಿದ್ದಕ್ಕೆ, ನಕ್ಷೆ ಬರೆಯುವ ಕೋಣೆಯಲ್ಲಿ ಹೊಗೆ ಇರುವುದಿಲ್ಲವಲ್ಲ ಎಂದರು.

ನನ್ನ ಮೊದಲ ದೊಡ್ಡ ಎಡವಟ್ಟು ಅವರ ಎದುರಿಗೇ ಆಯಿತು. ಕಂಬದ ಮೇಲಿನಿಂದ ತೆಗೆದ ಒಂದು ಫಿಲ್ಮಿನಲ್ಲಿ ಡೆಕ್ಕಿನ ನಡುವಿನ ಎರಡು ಫಿರಂಗಿ ಗೋಪುರಗಳು ಓರೆಯಾಗಿ ನಿಂತಿದ್ದವು, ಬಲಗಡೆಯದು ಮುಂದೆ, ಎಡಗಡೆಯದು ಹಿಂದೆ. ಯಾವ ಪಟ್ಟಿಯಲ್ಲೂ ಅಂಥ ಹಡಗು ಸಿಗಲಿಲ್ಲ. ಇದು ಕಟ್ಟದೆ ಬಿಟ್ಟ ಯಾವುದೋ ಹಡಗಿನ ಮಾದರಿ ಇರಬಹುದು ಎಂದು ನಾನು ಒಂದೂವರೆ ಪುಟದ ಟಿಪ್ಪಣಿ ಬರೆದೆ. ನಮ್ಮ ನಿರ್ದೇಶಕಿ ಕ್ಯಾರಲ್ ಅದನ್ನು ವೆಬ್‌ಸೈಟಿಗೆ ಹಾಕಿಸಿದರು. ಕಮಾಂಡರ್ ಬಂದು ಪರದೆ ನೋಡಿ, ಮೇಜಿನ ಮೇಲಿದ್ದ ಕೈಗನ್ನಡಿ ತಂದು ಪಕ್ಕದಲ್ಲಿ ಹಿಡಿದರು. ಕನ್ನಡಿಯಲ್ಲಿ ಎಡಗಡೆಯದು ಮುಂದೆ ಬಂತು, ಹಡಗೂ ಗುರುತು ಸಿಕ್ಕಿತು. ನಾನು ಫಿಲ್ಮನ್ನು ಮಗುಚಿ ಹಾಕಿ ನಕಲು ತೆಗೆದಿದ್ದೆ.

ಅವಮಾನ ತೀರಿಸಿಕೊಳ್ಳಲು ಮರುವಾರವೇ ಇನ್ನೊಂದು ಫಿಲ್ಮು ಹಿಡಿದು, ಇದೂ ಮಗುಚಿದೆ, ಈ ಅಧಿಕಾರಿ ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದಾನೆ ನೋಡಿ ಎಂದೆ. ಆಗಿನ ನೌಕಾಪಡೆಯಲ್ಲಿ ಎದುರಿನವರು ಯಾವ ಕಡೆ ಇದ್ದಾರೆಂಬುದನ್ನು ನೋಡಿ ಎಡಗೈಯಲ್ಲೂ ಸೆಲ್ಯೂಟ್ ಮಾಡುತ್ತಿದ್ದರು, ಫಿಲ್ಮು ಸರಿಯಾಗಿಯೇ ಇದೆ ಎಂದರು ಕಮಾಂಡರ್. ಇಮ್ತಿಯಾಜ್ ತಿಂಗಳುಗಟ್ಟಲೆ ನನಗೆ ಎಡಗೈಯಲ್ಲೇ ಸಲಾಮು ಹೊಡೆದರು.

ಕಮಾಂಡರ್ ತೀರಿಕೊಂಡ ವರ್ಷವೇ ಸ್ಕ್ಯಾನರ್ ಬಂತು. ಅದಕ್ಕಿಂತ ಮೊದಲು ಫಿಲ್ಮಿನ ಒಂದೊಂದು ಚಿತ್ರದ ಚೌಕಟ್ಟನ್ನೂ ಹೊಸ ಫಿಲ್ಮಿಗೆ ಒತ್ತಿ ನಕಲು ತೆಗೆಯುತ್ತಿದ್ದೆವು, ವಾರಕ್ಕೆ ಮೂರು ಡಬ್ಬಿ ಮುಗಿದರೆ ಹೆಚ್ಚು. ಸ್ಕ್ಯಾನರ್ ಬಂದ ಮೇಲೆ ದಿನಕ್ಕೆ ಮೂರಾಯಿತು. ಗೋಡೆಗೆ ಒಂದು ಬಿಳಿ ಹಲಗೆ ತೂಗುಹಾಕಿ ಕ್ಯಾರಲ್ ಪ್ರತಿ ಶುಕ್ರವಾರ ಎಷ್ಟು ಮುಗಿಯಿತೆಂದು ಬರೆಯುತ್ತಿದ್ದರು. ಅವರು ಕೆಟ್ಟವರಲ್ಲ, ಯಾರ ಮೇಲೂ ರೇಗಿದವರಲ್ಲ. ಆದರೆ ಹಲಗೆಯ ಮೇಲೆ ಸಂಖ್ಯೆ ಇದ್ದರೆ ಅದನ್ನು ಮೀರಬೇಕು ಎಂದು ನನಗೇ ಅನಿಸತೊಡಗಿತು.

ಆ ಸಂಖ್ಯೆಯ ಹುಚ್ಚು ಹೊಸದಲ್ಲ ಎಂದು ನನಗೆ ಗೊತ್ತಿತ್ತು. ನಮ್ಮಲ್ಲಿದ್ದ ಪತ್ರಗಳಲ್ಲಿ ಫಿರಂಗಿಗಳ ಉಸ್ತುವಾರಿಯಿದ್ದ ಒಬ್ಬ ಗನ್ನರಿ ಲೆಫ್ಟಿನೆಂಟ್ ತಂಗಿಗೆ ಬರೆದವು ಒಂದು ಪೆಟ್ಟಿಗೆಯಷ್ಟಿದ್ದವು. ಅವನ ಮರಿಮಕ್ಕಳು ಓಕ್‌ಲ್ಯಾಂಡಿನಲ್ಲಿದ್ದಾರೆ, ಅವರೇ ಕೊಟ್ಟದ್ದು. ಹಡಗುಗಳ ನಡುವೆ ನಿಮಿಷಕ್ಕೆ ಎಷ್ಟು ಗುಂಡು ಹೊಡೆಯುತ್ತಾರೆಂಬ ಪೈಪೋಟಿ ಇತ್ತು. ಮದ್ದಿನ ಕೋಣೆಯಿಂದ ಗೋಪುರದವರೆಗೆ ಕಾರ್ಡೈಟ್ ಮೇಲೇರುವ ದಾರಿಯಲ್ಲಿ ಬೆಂಕಿ ತಡೆಯಲು ಕದಗಳಿದ್ದವು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಹಾಗೆ ಮಾಡಿದರೆ ಗುಂಡಿನ ಲೆಕ್ಕ ಕಡಿಮೆಯಾಗುತ್ತದೆಂದು ಕದಗಳನ್ನು ತೆರೆದೇ ಕಟ್ಟಿಡುತ್ತಿದ್ದರು, ಮದ್ದಿನ ಚೀಲಗಳನ್ನು ದಾರಿಯಲ್ಲೇ ಪೇರಿಸಿಡುತ್ತಿದ್ದರು. ಲೆಫ್ಟಿನೆಂಟ್ ಇದನ್ನು ತಂಗಿಗೆ ಹೆಮ್ಮೆಯಿಂದಲೇ ಬರೆದಿದ್ದ. ಆಮೇಲೆ ಮಹಾಯುದ್ಧದ ನಡುವೆ ಜಟ್‌ಲ್ಯಾಂಡ್ ಎಂಬ ಸಮುದ್ರಕದನದಲ್ಲಿ ಮೂರು ಬ್ರಿಟಿಷ್ ಹಡಗುಗಳು ಒಂದೇ ಮಧ್ಯಾಹ್ನ ಸ್ಫೋಟಿಸಿ, ಒಂದೊಂದರಲ್ಲೂ ಸಾವಿರದಷ್ಟು ಜನ ಹೋದರು. ಹಡಗಿನ ಕವಚ ತೆಳುವಾಗಿತ್ತು ಎಂಬ ಮಾತು ಬಹುಕಾಲ ಮುಂದೆ ನಿಂತಿತು. ಕದಗಳ ಮಾತು ಹಿಂದಕ್ಕೆ ಸರಿಯಿತು.

ನಮ್ಮ ತಂಪುಕೋಣೆಗೂ ಅದೇ ರೀತಿಯ ವ್ಯವಸ್ಥೆ ಇತ್ತು. ಮೊಗಸಾಲೆಯಿಂದ ಹೊರಬಾಗಿಲು, ಆಮೇಲೆ ಮೇಜೊಂದಿರುವ ಸಣ್ಣ ನಡುಕೋಣೆ, ಆಮೇಲೆ ತಂಪುಕೋಣೆಯ ಒಳಬಾಗಿಲು. ನಡುಕೋಣೆಯ ಗೋಡೆಯಲ್ಲಿ ಬೆಂಕಿ ಆಕಾಶಕ್ಕೆ ಹೋಗಲಿ ಎಂದು ಒಂದು ಕಿಂಡಿ. ಬಾಗಿಲುಗಳು ಬಿಟ್ಟರೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು, ಎರಡೂ ಯಾವತ್ತೂ ಒಟ್ಟಿಗೆ ತೆರೆದಿರಬಾರದು. ಇದು ಹೊಸಬರಿಗೆ ಮೊದಲ ದಿನ ನಾನೇ ಹೇಳುತ್ತಿದ್ದ ಮಾತು, ಲೆಫ್ಟಿನೆಂಟನ ಕಥೆಯನ್ನೂ ಸೇರಿಸಿ.

ನಾನು ಸೇರಿದ ಇಪ್ಪತ್ತೊಂದನೆಯ ವರ್ಷ ಸೆಪ್ಟೆಂಬರಿನಲ್ಲಿ ವಿಪರೀತ ಸೆಕೆ. ಮೂರನೆಯ ದಿನ ಬೆಳಿಗ್ಗೆ ತಂಪು ಯಂತ್ರ ನಿಂತುಹೋಯಿತು. ರಿಪೇರಿಯವರು ಮರುದಿನ ಬರುತ್ತೇವೆಂದರು. ಕ್ಯಾರಲ್ ಹೇಗೋ ಒಂದು ಶೀತಲ ಟ್ರಕ್ಕನ್ನು ಹೊಂದಿಸಿದರು. ಅದು ನಾಲ್ಕು ಗಂಟೆಗೆ ಹೊರಡಲೇಬೇಕಿತ್ತು. ನಾನೂರು ಡಬ್ಬಿ ಸಾಗಿಸಬೇಕಿತ್ತು, ಕೆಲಸಕ್ಕೆ ಇದ್ದವರು ಇಮ್ತಿಯಾಜ್ ಮತ್ತು ನಾನು ಇಬ್ಬರೇ. ಮಧ್ಯಾಹ್ನ ಎರಡರವರೆಗೆ ನಿಯಮದಂತೆ ನಡೆದೆವು. ಒಂದು ಬಾಗಿಲು ತೆಗೆ, ಒಳಗೆ ಬಾ, ಅದು ಮುಚ್ಚಿ ಸದ್ದಾಗುವವರೆಗೆ ಕಾಯಿ, ಇನ್ನೊಂದು ತೆಗೆ. ಆಗ ನಾನು ಲೆಕ್ಕ ಹಾಕಿದೆ.

"ಇಮ್ತಿಯಾಜ್, ಹೀಗೆ ಒಂದೊಂದೇ ಬಾಗಿಲು ತೆಗೆದು ಮುಚ್ಚಿ ಮಾಡಿದ್ರೆ ನಾಲ್ಕಕ್ಕೆ ಅರ್ಧಾನೂ ಆಗಲ್ಲ."

"ಆಗೂದಿಲ್ಲಂದ್ರ ಆಗೂದಿಲ್ರಿ. ಅರ್ಧ ಹೋಗ್ತಾವ."

"ಉಳಿದರ್ಧನ ಈ ಸೆಕೆಯಲ್ಲಿ ಬಿಟ್ಟು ಹೋಗೋಕಾಗುತ್ತಾ?"

"ಅದೂ ಖರೇನ. ಆದ್ರ ಬಾಗಿಲ ಮಾತ್ರ ಬ್ಯಾಡ್ರಿ ಅಕ್ಕಾರ."

"ಒಂದು ಗಂಟೆ ಅಷ್ಟೇ. ಖಾಲಿ ಟ್ರಾಲಿ ಅಡ್ಡ ಇಡಿ. ಜವಾಬ್ದಾರಿ ನಂದು."

ಅವರು ಟ್ರಾಲಿ ತಂದು ಒಳಬಾಗಿಲಿಗೆ ಅಡ್ಡ ಇಟ್ಟು, "ನಿಮ್ಮ ಲೆಫ್ಟಿನೆಂಟ್ ಸಾಹೇಬ್ರೂ ಹಿಂಗ ಅಂದಿರಬೇಕ್ರಿ" ಎಂದರು. ನಾನು ನಕ್ಕೆ. ಹೊರಬಾಗಿಲಿಗೆ ಮರದ ತುಂಡನ್ನು ನಾನೇ ಸಿಕ್ಕಿಸಿದೆ. ಮೂರು ಗಂಟೆಗೆ, ಇನ್ನೊಂದು ಅರ್ಧ ಗಂಟೆ ಹೀಗೇ ಇರಲಾ ಎಂದು ಕೇಳಿದೆ. ಇಮ್ತಿಯಾಜ್ ಟ್ರಾಲಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ ಒಳಗೆ ಹೋದರು.

ಇನ್ನೊಂದು ಸಂಗತಿ ಇದೆ. ನಡುಕೋಣೆಯ ಮೇಜಿನ ಮೇಲೆ ಕೆಂಪು ಚೀಟಿಯ ಒಂದು ಡಬ್ಬಿ ಇತ್ತು. ಹಿಂದಿನ ವಾರವೇ ಡ್ರಮ್ಮಿಗೆ ಹೋಗಬೇಕಿತ್ತು. ಆ ಲೆಫ್ಟಿನೆಂಟನ ಹಡಗಿನಲ್ಲಿ ಫಿರಂಗಿ ಅಭ್ಯಾಸ ನಡೆಯುವಾಗ ತೆಗೆದ ಫಿಲ್ಮು ಅದು, ಬೇರೆಲ್ಲೂ ಇಲ್ಲದ್ದು. ಒಳಗಡೆಯ ಸುತ್ತುಗಳಲ್ಲಿ ಹತ್ತಿಪ್ಪತ್ತು ಚೌಕಟ್ಟಾದರೂ ಉಳಿದಿರಬಹುದೆಂಬ ಆಸೆಗೆ ಅದನ್ನು ನೀರಿಗೆ ಹಾಕಲು ನನಗೆ ಮನಸ್ಸು ಬಂದಿರಲಿಲ್ಲ. ಈ ವೃತ್ತಿಯವರು ಮಾತ್ರ ಮಾಡುವ ತಪ್ಪು ಇದು. ಬೇರೆಯವರಾದರೆ ಆ ವಾಸನೆಗೇ ಎಸೆದಿರುತ್ತಿದ್ದರು.

ಮೂರೂಕಾಲು ಆಗಿರಬೇಕು. ನಾನು ಟ್ರಕ್ಕಿನಿಂದ ಖಾಲಿ ಗಾಡಿ ತಳ್ಳಿಕೊಂಡು ಮೊಗಸಾಲೆಗೆ ಬಂದೆ. ಕುಕ್ಕರ್ ಸೀಟಿ ಹೊಡೆಯುವ ಮೊದಲು ಬರುತ್ತದಲ್ಲ, ಆ ಸದ್ದು ಕೇಳಿತು. ತೆರೆದ ಹೊರಬಾಗಿಲಿನಾಚೆ ಮೇಜಿನ ಮೇಲೆ ಕೆಂಪು ಚೀಟಿಯ ಡಬ್ಬಿಯ ಮುಚ್ಚಳ ಒಂದು ಕಡೆ ಎದ್ದಿತ್ತು. ಅದರಡಿಯಿಂದ ಹಳದಿ ಕಂದು ಬಣ್ಣದ ಹೊಗೆ ಬರುತ್ತಿತ್ತು. ಅದರಾಚೆ ತೆರೆದ ಒಳಬಾಗಿಲು, ಟ್ರಾಲಿ, ಟ್ರಾಲಿಯ ಆಚೆ ಏಣಿಯ ಪಕ್ಕದಲ್ಲಿ ಇಮ್ತಿಯಾಜ್, ಅವರ ಹಿಂದೆ ಇನ್ನೂ ನೂರಕ್ಕೂ ಹೆಚ್ಚು ಡಬ್ಬಿಗಳು. ನಾನು ಅವರ ಹೆಸರು ಕೂಗಿದೆ. ಅವರು ತಿರುಗಿ ಮೇಜು ನೋಡಿದರು. ಹೊರಗೆ ಓಡಿಬರಬೇಕೆಂದರೆ ಮೇಜಿನ ಪಕ್ಕದಲ್ಲೇ ಬರಬೇಕು. ಓಡಿದ್ದರೆ ಬಹುಶಃ ಅವರಿಗೇನೂ ಆಗುತ್ತಿರಲಿಲ್ಲ, ಆದರೆ ಬಾಗಿಲು ತೆರೆದೇ ಇರುತ್ತಿತ್ತು. ಅವರು ಟ್ರಾಲಿಯನ್ನು ತಮ್ಮ ಕಡೆಗೆ, ಒಳಕ್ಕೆ ಎಳೆದುಕೊಂಡರು. ಬಾಗಿಲು ಮುಚ್ಚಿತು. ಅದೇ ಹೊತ್ತಿಗೆ ಡಬ್ಬಿ ಹೊತ್ತಿಕೊಂಡಿತು.

ಇಷ್ಟೂ ಎಷ್ಟು ಹೊತ್ತಿನಲ್ಲಿ ನಡೆಯಿತೆಂದು ಆಮೇಲೆ ಎಷ್ಟೋ ಜನ ಕೇಳಿದರು. ಬಹಳವೆಂದರೆ ಐದು ಸೆಕೆಂಡು. ನನ್ನ ತಲೆಯಲ್ಲಿ ಅದು ಈಗಲೂ ನಿಧಾನವಾಗಿ ನಡೆಯುತ್ತದೆ. ಟ್ರಾಲಿಯ ಒಂದು ಚಕ್ರ ಹೊಸ್ತಿಲಿಗೆ ಸಿಕ್ಕಿ, ಅವರು ಎರಡು ಸಲ ಎಳೆಯಬೇಕಾಯಿತು. ಒಂದು ಸಲಕ್ಕೆ ಬರದೇ ಹೋದದ್ದು ಪ್ರತಿ ಬಾರಿಯೂ ಕಾಣುತ್ತದೆ. ಮನೆಯಲ್ಲಿ ಕುಕ್ಕರ್ ಇಡುವುದನ್ನು ಬಿಟ್ಟಿದ್ದೇನೆ, ಅನ್ನಕ್ಕೆ ಕರೆಂಟಿನ ಪಾತ್ರೆ ಸಾಕಾಗುತ್ತದೆ.

ನಾನು ಮರದ ತುಂಡನ್ನು ಒದ್ದು ಹೊರಬಾಗಿಲು ಮುಚ್ಚಿದೆ. ಬಾಗಿಲಿನ ಸಣ್ಣ ಗಾಜು ಬೆಳ್ಳಗಾಗಿ ಆಮೇಲೆ ಹಳದಿಯಾಯಿತು. ಕಿಂಡಿಯಿಂದ ಬೆಂಕಿ ಹೊರಗೆ ಹೋಗುವ ಸದ್ದು ವಿಮಾನದ ಸದ್ದಿನಂತಿತ್ತು. ಸದ್ದು ಕೇಳಿ ಆಫೀಸಿನಿಂದ ಓಡಿಬಂದ ಕ್ಯಾರಲ್ ಅಗ್ನಿಶಾಮಕದವರಿಗೆ ಫೋನು ಮಾಡಿದರು. ನಾನು ಇಮ್ತಿಯಾಜ್‌ಗೆ ಮಾಡಿದೆ. ತೆಗೆದುಕೊಂಡರು.

"ಅಕ್ಕಾರ, ಬಾಗಿಲ ಸಂದ್ಯಾಗಿಂದ ಹೊಗಿ ಬರಾಕತ್ತೈತ್ರಿ. ಸ್ವಲ್ಪೇ ಐತಿ."

"ನಿಮ್ಮ ಕೋಟು ಬಿಚ್ಚಿ ಸಂದಿಗೆ ತುರುಕಿ. ನೀರಿನ ಬಾಟ್ಲಿ ಇದ್ರೆ ಕೋಟು ನೆನೆಸಿ."

"ತುರುಕೀನ್ರಿ. ನೆಲಕ್ಕ ಮಲಗ್ಲೇನ್ರಿ? ಹೊಗಿ ಬಂದ್ರ ಮಲಗಬೇಕಂತಾರ."

ಸಾಮಾನ್ಯ ಬೆಂಕಿಯಲ್ಲಿ ಅದು ಸರಿ. ಆದರೆ ನೈಟ್ರೇಟಿನ ಅನಿಲ ಗಾಳಿಗಿಂತ ಭಾರ. ಸಂದಿಯಿಂದ ತೂರಿ ತಣ್ಣಗಾದದ್ದು ನೆಲದ ಮೇಲೆಯೇ ಹರಡುತ್ತದೆ. ಇದು ನನಗೆ ಗೊತ್ತಿತ್ತು, ಆದರೂ ಬಾಯಿ ಬಿಡಲು ಒಂದು ಕ್ಷಣ ಹಿಡಿಯಿತು, ಯಾಕೆಂದರೆ ಆ ದಿನ ನಾನು ಹೇಳಿದ್ದನ್ನು ಅವರು ಒಮ್ಮೆ ಕೇಳಿಯಾಗಿತ್ತು.

"ಮಲಗಬೇಡಿ. ಏಣಿ ಹತ್ತಿ ಮೇಲೆ ಕೂತ್ಕೊಳ್ಳಿ. ತುದೀಲಿ."

ಸದ್ದಾಯಿತು. ಆಮೇಲೆ, "ಏರಿ ಕುಂತೀನ್ರಿ, ಮಂಗ್ಯಾನಂಗ. ಇಲ್ಲಿಂದ ನಿಮ್ಮ ಹಡಗೆಲ್ಲಾ ಕಾಣಸ್ತಾವ." ಕೆಮ್ಮಿದರು. "ಶಾಹೀನ್‌ಗ ಫೋನ್ ಮಾಡಬ್ಯಾಡ್ರಿ. ಸುಳ್ಳ ಹೆದರ್ತಾಳ." ಶಾಹೀನ್ ಅವರ ಹೆಂಡತಿ.

ಇಪ್ಪತ್ತೆರಡು ನಿಮಿಷ ಹೀಗೆ ಮಾತಾಡುತ್ತಿದ್ದೆವು. ಗಿಲ್‌ರಾಯ್‌ನ ಬೆಳ್ಳುಳ್ಳಿ ಹೊಲಗಳು, ಅವರ ಮಗಳ ಕಾಲೇಜು, ಏನು ಬಾಯಿಗೆ ಬಂದರೆ ಅದು. ಅಗ್ನಿಶಾಮಕದವರು ಅವರನ್ನು ನಡೆಸಿಕೊಂಡೇ ಹೊರಗೆ ತಂದರು. ನನಗೇನೂ ಆಗಿಲ್ಲ, ಮನೆಗೆ ಹೋಗುತ್ತೇನೆ ಎಂದರು. ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಡಬೇಕು: ಈ ಅನಿಲ ಕುಡಿದವರು ಮೊದಲು ಚೆನ್ನಾಗಿಯೇ ಇರುತ್ತಾರೆ. ಗಂಟೆಗಟ್ಟಲೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಾನು ಅವರ ಕಾರಿನ ಕೀಲಿ ಕಿತ್ತುಕೊಂಡು ಆಂಬುಲೆನ್ಸಿಗೆ ಹತ್ತಿಸಿದೆ. ಮರುದಿನ ಬೆಳಗಾಗುವಷ್ಟರಲ್ಲಿ ಅವರ ಬಾಯಿಗೆ ಉಸಿರಿನ ಕೊಳವೆ ಹಾಕಿದ್ದರು. ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರು.

ಅವರು ಮನೆಗೆ ಬಂದ ವಾರ ವಿಮೆಯವರ ತನಿಖೆ ಮುಗಿಯುತ್ತ ಬಂದಿತ್ತು. ಟ್ರಾಲಿ ತಂಪುಕೋಣೆಯ ಒಳಗೆ ಸಿಕ್ಕಿತ್ತು, ಬಾಗಿಲಿಗೆ ಅದು ಉಜ್ಜಿದ ಗುರುತಿತ್ತು. ಟ್ರಾಲಿ ಮತ್ತು ಬಾಗಿಲು ಎರಡೂ ತಂತ್ರಜ್ಞನ, ಅಂದರೆ ಇಮ್ತಿಯಾಜ್ ಅವರ, ಜವಾಬ್ದಾರಿ ಎಂದು ನಮ್ಮ ನಿಯಮಪುಸ್ತಕದಲ್ಲಿತ್ತು. ನನ್ನನ್ನು ಕೇಳಿದಾಗ ನಾನು ಸೆಕೆ, ತಂಪು ಯಂತ್ರ, ಹಳೆಯ ಕಟ್ಟಡ ಎಲ್ಲ ಹೇಳಿದ್ದೆ. ಬಾಗಿಲು ಯಾರು ತೆರೆದಿಡಿಸಿದ್ದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕ್ಯಾರಲ್ ನನ್ನನ್ನು ಕೂರಿಸಿಕೊಂಡು, ತಂತ್ರಜ್ಞನ ಲೋಪ ಎಂದು ಬರೆಯುತ್ತಾರೆ, ನೈಟ್ರೇಟ್ ಮುಟ್ಟಲು ಅನುಮತಿ ಇರುವವರ ಪಟ್ಟಿಯಿಂದ ಇಮ್ತಿಯಾಜ್ ಹೆಸರು ಹೋಗುತ್ತದೆ, ಬೇರೇನೂ ಆಗುವುದಿಲ್ಲ ಎಂದರು. ನೀನು ಹೇಗೂ ಆರು ತಿಂಗಳಲ್ಲಿ ನಿವೃತ್ತಳಾಗುತ್ತೀ, ಸುಮ್ಮನೆ ಯಾಕೆ ಎಂದೂ ಸೇರಿಸಿದರು. ಬೇರೇನೂ ಆಗುವುದಿಲ್ಲ ಎಂಬುದು ಸರಿಯಲ್ಲ. ಆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಇಡೀ ದೇಶದಲ್ಲಿ ಯಾವ ಸಂಗ್ರಹಾಲಯವೂ ಈ ಕೆಲಸ ಕೊಡುವುದಿಲ್ಲ. ಮೂರು ತಲೆಮಾರಿನಿಂದ ಫಿಲ್ಮು ಮುಟ್ಟಿದ ಮನೆ ಅದು. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ಶನಿವಾರ ಹಣ್ಣು ತೆಗೆದುಕೊಂಡು ಗಿಲ್‌ರಾಯ್‌ಗೆ ಹೋದೆ. ಶಾಹೀನ್ ಬಾಗಿಲು ತೆರೆದರು. ಕೂರಿಸಿದರು, ಚಹಾ ಕೊಟ್ಟರು. ಇಮ್ತಿಯಾಜ್ ಒಳಗೆ ಮಲಗಿದ್ದರು.

"ಆಫೀಸಿಂದ ಪತ್ರ ಬಂತ್ರಿ ಅಕ್ಕಾರ," ಎಂದರು ಶಾಹೀನ್. "ಬಾಗಿಲಕ್ಕ ಗಾಡಿ ಇಟ್ಟದ್ದು ಇವರಂತ. ಖರೇ ಏನ್ರಿ?"

"ಇಟ್ಟಿದ್ದು ಅವರೇ."

"ಇಡು ಅಂದವ್ರು ಯಾರ್ರಿ?"

ನಾನು ಉತ್ತರ ಕೊಡುವ ಮೊದಲು ಅವರೇ ಮುಂದುವರಿಸಿದರು. "ನಾ ಇವರನ್ನ ಕೇಳಿದೆ. ಹೇಳವಲ್ರು. ಅಕ್ಕಾರನ್ನ ಕೇಳು, ಅವರಿಗೆ ಗೊತ್ತೈತಿ ಅಂತಾರ. ಹದಿನಾಲ್ಕ ವರ್ಷ ನಿಮ್ಮ ಕೂಡ ಕೆಲಸ ಮಾಡ್ಯಾರ. ಮನ್ಯಾಗ ನನ್ನ ಹೆಸರಕಿಂತ ನಿಮ್ಮ ಹೆಸರ ಜಾಸ್ತಿ ಹೇಳ್ತಾರ. ನೀವು ಬರೇ ಹಣ್ಣ ತಂದೀರಿ."

"ನಾನೇ ಶಾಹೀನ್. ನಾನೇ ಇಡಿ ಅಂದೆ."

"ನನಗ್ಯಾಕ ಹೇಳ್ತೀರಿ? ಪತ್ರ ಬರದವರಿಗೆ ಹೇಳ್ರಿ."

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ವಾಪಸ್ ಬರುವಾಗ ಫ್ರೀವೇಯಲ್ಲಿ ನಾನು ಇಳಿಯಬೇಕಾದ ತಿರುವು ದಾಟಿಹೋಯಿತು, ಮುಂದೆ ಹೋಗಿ ತಿರುಗಿ ಬಂದೆ. ಲೆಫ್ಟಿನೆಂಟನ ಪೆಟ್ಟಿಗೆಯ ತಳದಲ್ಲಿದ್ದ ಒಂದು ಹಾಳೆ ಆಗ ನೆನಪಾಗಿತ್ತು. ಕದನದ ನಂತರ ಅವನು ಮೇಲಧಿಕಾರಿಗಳಿಗೆ ಬರೆಯಲು ಹೊರಟ ಪತ್ರದ ಕರಡು. ಕದಗಳನ್ನು ಕಟ್ಟಿಡಲು ತಾನೇ ಹೇಳುತ್ತಿದ್ದೆ ಎಂದು ಅದರಲ್ಲಿತ್ತು. ಎರಡು ಕಡೆ ಹೊಡೆದು ತಿದ್ದಿದ್ದ. ಕಳಿಸಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಪಟ್ಟಿಯಲ್ಲಿ ನಾನು "ಕರಡು, ಕಳಿಸಿದ್ದಕ್ಕೆ ಆಧಾರವಿಲ್ಲ" ಎಂದು ಬರೆದಿದ್ದೆ. ಬರೆಯುವಾಗ ಅವನ ಬಗ್ಗೆ ಸ್ವಲ್ಪ ತಾತ್ಸಾರವೂ ಇತ್ತು.

ಭಾನುವಾರ ಕೂತು ಎರಡು ಪುಟದ ಹೇಳಿಕೆ ಬರೆದೆ. ಬಾಗಿಲುಗಳು, ಟ್ರಾಲಿ, ಮರದ ತುಂಡು, ಡ್ರಮ್ಮಿಗೆ ಹಾಕದೆ ಉಳಿಸಿಕೊಂಡ ಡಬ್ಬಿ, ಎಲ್ಲವನ್ನೂ. ಸೋಮವಾರ ಕ್ಯಾರಲ್‌ಗೆ ಕೊಟ್ಟೆ. ಅವರು ಎರಡು ಸಲ ಓದಿ, ಡಬ್ಬಿಯ ವಿಷಯ ಯಾರೂ ಕೇಳಿಲ್ಲವಲ್ಲ, ಅದಾದರೂ ತೆಗೆಯಬಾರದೇ ಎಂದರು. ಇರಲಿ ಎಂದೆ. ಇಮ್ತಿಯಾಜ್ ಕೂಡ ಅಲ್ಲಿದ್ದವರಾದ್ದರಿಂದ ಅವರೂ ಓದಿ ಸಹಿ ಹಾಕಬೇಕಿತ್ತು, ಅವರಿಗೂ ಒಂದು ಪ್ರತಿ ಹೋಯಿತು.

ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಪಟ್ಟಿಯಿಂದ ನನ್ನ ಹೆಸರು ಹೋಯಿತು. ಆ ತಿಂಗಳೇ ಕೆಲಸ ಬಿಟ್ಟೆ, ಬೀಳ್ಕೊಡುಗೆಯ ಊಟವೇನೂ ಇರಲಿಲ್ಲ. ಇಮ್ತಿಯಾಜ್‌ಗೆ ಬರವಣಿಗೆಯಲ್ಲಿ ಒಂದು ಎಚ್ಚರಿಕೆ ಬಂತು, ಹೆಸರು ಉಳಿಯಿತು. ಏಳು ತಿಂಗಳ ನಂತರ ವೈದ್ಯರು ಒಪ್ಪಿದ ಮೇಲೆ ಅವರು ತಂಪುಕೋಣೆಗೆ ಮರಳಿದರು. ಈಗ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಹಾಗಾಗಿ ಡಬ್ಬಿ ಹೊರಲು ಬೇರೆಯವರಿದ್ದಾರೆ. ಎಚ್ಚರಿಕೆ ಬರಲು ಕಾರಣ ಅವರೇ. ನಾನು ಬರೆದ ಹಾಗೆ ಬಿಟ್ಟಿದ್ದರೆ ಅದೂ ಬರುತ್ತಿರಲಿಲ್ಲ. ನಾನು ಹೇಳಿಕೆ ಕೊಟ್ಟ ವಾರದ ಬುಧವಾರ ಮಧ್ಯಾಹ್ನ ಅವರ ಫೋನು ಬಂತು. ಧ್ವನಿ ಇನ್ನೂ ಒಡಕಾಗಿತ್ತು.

"ಅಕ್ಕಾರ, ಓದಿದೆ. ಎಲ್ಲಾ ಬರೋಬ್ಬರಿ ಐತಿ. ಒಂದ ಕಡೆ ತಪ್ಪೈತಿ."

"ಎಲ್ಲಿ?"

"ಇಮ್ತಿಯಾಜ್ ಎರಡ ಸಲ ಬ್ಯಾಡ ಅಂದ ಅಂತ ಬರದೀರಿ. ನಾ ಅಂದದ್ದು ಒಂದ ಸಲ. ಮೂರ ಗಂಟೆಕ್ಕ ನೀವು ಮತ್ತ ಕೇಳಿದಾಗ ನಾ ಏನೂ ಅನ್ನಲಿಲ್ಲ."

"ನನ್ನ ಮುಖ ನೋಡಿದ್ರಲ್ಲ. ಅದು ಬೇಡ ಅಂದ ಹಾಗೇ."

"ಅಲ್ರಿ. ನನಗೂ ಲಗೂನ ಮುಗಿಸಿ ಮನಿಗೆ ಹೋಗೂದಿತ್ತು. ಅದಕ್ಕ ಸುಮ್ಮನಾದೆ."

"ಹಾಗೆ ಬರೆದ್ರೆ ನಿಮಗೆ ತೊಂದರೆ ಆಗಬಹುದು ಇಮ್ತಿಯಾಜ್. ವಿಮೆಯವರು ಅದನ್ನೇ ಹಿಡ್ಕೋತಾರೆ. ಹೆಸರೇ ಹೋಗಬಹುದು. ಇದೊಂದು ಬಿಡಿ."

ಹಿಂದಿನಿಂದ ಶಾಹೀನ್ ಏನೋ ಅಂದದ್ದು ಕೇಳಿತು. ಇಮ್ತಿಯಾಜ್ ಫೋನು ಪಕ್ಕಕ್ಕಿಟ್ಟು ಅವರಿಗೆ ಉರ್ದುವಿನಲ್ಲಿ ಉತ್ತರ ಕೊಟ್ಟು, ಮತ್ತೆ ಎತ್ತಿಕೊಂಡರು.

"ಇದನ್ನ ಮುಂದ ಬರೂ ಹುಡುಗ್ರಿಗೆ ಓದಿಸ್ತಾರಂತ ಕ್ಯಾರಲ್ ಮೇಡಂ ಹೇಳಿದ್ರು. ಇಡು ಅಂದವರು ಒಬ್ರು, ಬ್ಯಾಡ ಅಂದವ ಒಬ್ಬ ಅಂತ ಓದಿದ್ರ ಅವರು ಏನ ಕಲೀತಾರ್ರಿ? ಸುಮ್ಮನಿದ್ದವನೂ ಅಲ್ಲೇ ಒಳಗ ಇದ್ದ ಅಂತ ಅವರಿಗೆ ಗೊತ್ತಾಗ್ಲಿ. ತಿದ್ರಿ."

ಗುರುವಾರ ಬೆಳಿಗ್ಗೆ ಆ ಎರಡು ಪುಟ ಹಿಡಿದು ಮತ್ತೆ ಗಿಲ್‌ರಾಯ್‌ಗೆ ಹೋದೆ. ಅವರ ಊಟದ ಮೇಜಿನ ಮೇಲೆ "ಎರಡು" ಎಂಬುದನ್ನು ಹೊಡೆದುಹಾಕಿ "ಒಂದು" ಎಂದು ಬರೆದೆ. ಕೆಳಗೆ, ಎರಡನೆಯ ಬಾರಿ ಕೇಳಿದಾಗ ಇಬ್ಬರೂ ಒಪ್ಪಿದೆವು ಎಂದು ಸೇರಿಸಿದೆ. ತಿದ್ದಿದ ಜಾಗದಲ್ಲಿ ನಾನು ಸಹಿ ಹಾಕಿದೆ, ಇಮ್ತಿಯಾಜ್ ಕನ್ನಡಕ ಹುಡುಕಿ ತಂದು ಇನ್ನೊಮ್ಮೆ ಮೊದಲಿನಿಂದ ಓದಿ, ನನ್ನ ಸಹಿಯ ಪಕ್ಕದಲ್ಲಿ ತಮ್ಮದನ್ನು ಹಾಕಿದರು.